ಮಾಳಿಗೆಯ ಬಿಸಿಲಿಗಿಟ್ಟ ಮ್ಯಾಗ್ನೆಟೊ

ಹೋದ ವರ್ಷ ಯುಗಾದಿ ಆದ ಮರುವಾರದ ಮಾತು. ನಮ್ಮ ಅಕ್ಕ ಶಾಂತಕ್ಕನನ್ನು ಕಲಬುರಗಿಯ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಅಕ್ಕನನ್ನು ಒಳಗೆ ಕೂರಿಸಿಕೊಂಡು ಮಾತಾಡುವಾಗ ನಾನು ಹೊರಗೆ ಔಷಧಿಯ ಪಾಳಿಯಲ್ಲಿ ನಿಂತಿದ್ದೆ. ಹೊರಗೆ ಬಂದವಳೇ, "ಮುಂದ ಮುಂದ ನೋಟ ಕಮ್ಮಿ ಆಗ್ತದಂತ. ಹೋದದ್ದು ತಿರುಗಿ ಬರಂಗಿಲ್ಲಂತ. ಸದ್ಯಕ್ಕೇನು ಚಿಂತಿ ಇಲ್ಲ, ನಡಿ" ಅಂದಳು. ನಾನು ನಂಬಿದೆ. ಆಳಂದದ ಬಸ್ಸು ಹತ್ತಿದೆವು. ಅರ್ಧ ದಾರಿಯವರೆಗೆ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದವಳು ಒಮ್ಮೆಲೇ ನನ್ನ ಕಡೆ ತಿರುಗಿದಳು.

"ಸಿದ್ದು, ಅಪ್ಪನ ಗಾಡಿ ಚಾಲೂ ಮಾಡು. ಕಣ್ಣು ಇರೂದ್ರೊಳಗ ಒಮ್ಮೆ ಮಣ್ಣೂರ ಹೊಳಿ ತನಕ ನಾ ಹೊಡ್ಕೊಂಡು ಹೋಗಬೇಕು."

ಆ ಗಾಡಿಯ ಕತೆ ಹೇಳಲೇಬೇಕು. ಅದು ನಿಜಾಮರ ಕಾಲದ ವಿಲಾಯತಿ ಮೋಟಾರು. ನಾಲ್ಕು ಸಿಲಿಂಡರು, ಬಟ್ಟೆಯ ಹುಡ್ಡು, ಮುಂದೆ ಕೈಯಿಂದ ತಿರುಗಿಸುವ ಹ್ಯಾಂಡಲ್ಲು. ಹಳೆಯ ತಹಸೀಲ್ದಾರರೊಬ್ಬರ ಮನೆಯಲ್ಲಿ ಕೋಳಿ ಕೂರುತ್ತಿದ್ದ ಅದನ್ನು ಅಪ್ಪ ತಂದು, ತಾನೇ ಬಿಚ್ಚಿ, ತಾನೇ ಜೋಡಿಸಿ, ರಸ್ತೆಗೆ ಇಳಿಸಿದ್ದ. ಅಕ್ಕನಿಗೆ ಹದಿನೆಂಟು ತುಂಬಿದಾಗ ಗಾಡಿ ಕಲಿಸಿದ. ಆಗ ಆಳಂದದಲ್ಲಿ ಹೆಣ್ಣುಮಕ್ಕಳು ಸೈಕಲ್ ಹತ್ತಿದರೂ ಜನ ನಿಂತು ನೋಡುತ್ತಿದ್ದರು. ಕಲಿತ ಮೇಲೆ ಮೊದಲ ಸಲ ದೂರ ಹೊಡೆದದ್ದು ಅಫಜಲಪುರ ದಾಟಿ ಮಣ್ಣೂರಿನ ಭೀಮಾ ನದಿಯ ದಂಡೆಯವರೆಗೆ. ಅಪ್ಪ ಬಾಜೂಕ ಕೈಕಟ್ಟಿ ಕೂತಿದ್ದನಂತೆ, ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲವಂತೆ. ಹೊಳೆ ಬಂದ ಮೇಲೆ "ಚಲೋ ಹೊಡ್ದಿ" ಅಂದನಂತೆ. ಆ ಎರಡು ಮಾತನ್ನು ಅಕ್ಕ ಐವತ್ತು ವರ್ಷ ಸೆರಗಿಗೆ ಕಟ್ಟಿಕೊಂಡು ತಿರುಗಿದ್ದಾಳೆ.

ನನಗೆ ಅಕ್ಕ ಅಂದರೆ ಅವ್ವ ಇದ್ದಂತೆ. ಅವ್ವ ಹೋದಾಗ ನನಗೆ ಎರಡು ವರ್ಷ, ಅಕ್ಕನಿಗೆ ಹದಿನೈದು. ಎತ್ತಿ ಆಡಿಸಿದವಳು, ಬಡಿದು ಶಾಲೆಗೆ ಕಳಿಸಿದವಳು ಅವಳೇ. ಇಷ್ಟು ವರ್ಷದಲ್ಲಿ ನನ್ನ ಹತ್ತಿರ ಅವಳು ಬಾಯಿಬಿಟ್ಟು ಕೇಳಿದ್ದು ಇದೊಂದೇ. ಅದಕ್ಕೇ ಬಸ್ಸಿನಲ್ಲೇ "ಎಂಟು ದಿನದಾಗ ಚಾಲೂ ಮಾಡ್ತೇನಿ, ನೋಡ್ಕೋತ ಇರು" ಅಂದುಬಿಟ್ಟೆ.

ನಾನು ಆಳಂದದಲ್ಲಿ ಮೂವತ್ತು ವರ್ಷದಿಂದ ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟವನು. ಕಣ್ಣು ಮುಚ್ಚಿ ಬೇರಿಂಗ್ ಮುಟ್ಟಿ ನಂಬರ್ ಹೇಳುತ್ತೇನೆ ಎಂಬ ಸೊಕ್ಕು ನನಗೆ. ಸಿಟ್ಟು ಬೇರೆ ಮೂಗಿನ ತುದಿಯಲ್ಲೇ ಇರುತ್ತದೆ. ಈ ಎರಡೂ ಸೇರಿ ನನ್ನನ್ನು ಹೇಗೆ ಕುಣಿಸಿದವು ಎಂಬುದೇ ಮುಂದಿನ ಮಾತು.

ಗಾಡಿ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಆರು ವರ್ಷದಿಂದ ನಿಂತಿತ್ತು. ಟೈರು, ಪೆಟ್ರೋಲ್ ಟ್ಯಾಂಕು, ಕಾರ್ಬ್ಯುರೇಟರು ಎಲ್ಲ ಸರಿಮಾಡಿದೆ. ಆದರೆ ಹ್ಯಾಂಡಲ್ ಎಷ್ಟು ತಿರುಗಿಸಿದರೂ ಕಿಡಿ ಇಲ್ಲ. ಮ್ಯಾಗ್ನೆಟೊ ಸತ್ತಿತ್ತು. ಈಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ಆಗಿನ ಗಾಡಿಗಳಲ್ಲಿ ಕಿಡಿ ಹುಟ್ಟಿಸಲು ಬ್ಯಾಟರಿ ಬೇಕಿರಲಿಲ್ಲ. ತೆಂಗಿನಕಾಯಿ ಗಾತ್ರದ ಒಂದು ಕಬ್ಬಿಣದ ಡಬ್ಬಿ, ಅದರೊಳಗೆ ಅಯಸ್ಕಾಂತ, ತಾಮ್ರದ ತಂತಿ ಸುತ್ತಿದ ಒಂದು ಸುರುಳಿ. ಇಂಜಿನ್ ತಿರುಗಿದರೆ ಅದೂ ತಿರುಗಿ ತನ್ನ ಕಿಡಿಯನ್ನು ತಾನೇ ಹುಟ್ಟಿಸುತ್ತದೆ. ಸೈಕಲ್ಲಿನ ಡೈನಮೋಗೆ ದೊಡ್ಡಣ್ಣ ಅಂದುಕೊಳ್ಳಿ.

ಊರಿನ ಮೆಕ್ಯಾನಿಕ್‌ಗಳೆಲ್ಲ ಒಂದೇ ಮಾತು ಹೇಳಿದರು. "ಅದನ್ ತೆಗ್ದು ಒಗೀರಿ. ಬ್ಯಾಟರಿ ಇಟ್ಟು, ಕಾಯಿಲ್ ಹಾಕಿ ಕೊಡ್ತೀವಿ. ಒಂದ್ ದಿನದ ಕೆಲಸ." ನಾನೂ ಅರ್ಧ ಒಪ್ಪಿದ್ದೆ. ಅಕ್ಕ ಒಪ್ಪಲಿಲ್ಲ. ಅಪ್ಪನ ಮ್ಯಾಗ್ನೆಟೊದಲ್ಲಿ ಒಂದು ಸ್ಪ್ರಿಂಗಿನ ಬಿಲ್ಲೆ ಇತ್ತು. ಹ್ಯಾಂಡಲ್ ನಿಧಾನ ತಿರುಗಿಸಿದಾಗ ಅದು ತಡೆದು, 'ಟಕ್' ಎಂದು ಜಿಗಿದು ಜೋರಾಗಿ ಕಿಡಿ ಕೊಡುತ್ತಿತ್ತು. "ಆ ಟಕ್ ಕೇಳಿದ್ರ ಅಪ್ಪ ಬಾಜೂಕ ಕುಂತಂಗ ಆಗ್ತದ. ಬ್ಯಾಟರಿ ಇಡೋದಿದ್ರ ನಿನ್ನ ಜೀಪೇ ಅದ ಅಲ್ಲ, ಅದನ್ನ ಹೊಡೀತೇನಿ ತಗೋ" ಅಂದಳು. ಅವಳು ಹೀಗೆ ಅಂದ ಮೇಲೆ ವಾದ ಮಾಡಿ ಗೆದ್ದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ.

ಹಾಗಾಗಿ ಇನ್ನೊಂದು ಹಳೆಯ ಮ್ಯಾಗ್ನೆಟೊ ಹುಡುಕಬೇಕಾಯಿತು. ನಾಲ್ಕು ಕಡೆ ಫೋನು ಮಾಡಿದೆ. ಸೊಲ್ಲಾಪುರದಲ್ಲಿ ಹಳೆಯ ಸಾಮಾನಿನ ವ್ಯಾಪಾರಿಯೊಬ್ಬ "ಹೊಸದರ ಅಪ್ಪ ಅನ್ನೋ ಹಂಗ ಅದ, ಬನ್ನಿ" ಅಂದ. ಹೋದೆ. ಕಪ್ಪು ಬಣ್ಣ ಮಿರಿಮಿರಿ ಮಿಂಚುತ್ತಿತ್ತು, ಹಿತ್ತಾಳೆಯ ತಗಡನ್ನು ತಿಕ್ಕಿ ತಿಕ್ಕಿ ಬಂಗಾರ ಮಾಡಿಟ್ಟಿದ್ದ. ನನ್ನೆದುರೇ ತಿರುಗಿಸಿ ತೋರಿಸಿದ, ಟಕ್ ಅನ್ನುವ ಬಿಲ್ಲೆಯೂ ಇತ್ತು. ಚಟ್ ಚಟ್ ಎಂದು ನೀಲಿ ಕಿಡಿ ಹಾರಿತು. ಗಿರಾಕಿಗಳಿಗೆ "ಬಣ್ಣಕ್ಕ ಮೋಸ ಹೋಗಬ್ಯಾಡ್ರಿ" ಎಂದು ಮೂವತ್ತು ವರ್ಷ ಬುದ್ಧಿ ಹೇಳಿದವನು ನಾನು. ಹಿತ್ತಾಳೆಯ ಹೊಳಪಿನಲ್ಲಿ ನನ್ನ ಮುಖ ನೋಡಿಕೊಂಡು, ಮೀಸೆ ತಿರುವಿ, ಕಟ್ಟಿಸಿಕೊಂಡು ಬಂದೆ.

ಜೋಡಿಸಿದೆ. ಮೂರನೇ ಸಲಕ್ಕೆ ಗಾಡಿ ಚಾಲೂ ಆಯಿತು. ಓಣಿಯವರೆಲ್ಲ ಬಂದರು, ಪೇಢೆ ಹಂಚಿದೆ. ಅಕ್ಕನನ್ನು ಹಿಂದೆ ಕೂರಿಸಿಕೊಂಡು, ನರೋಣಾದವರೆಗೆ ಒಂದು ಸುತ್ತು ಹೋಗಿಬರೋಣ ಎಂದು ಹೊರಟೆ. ನರೋಣಾದ ಬಸ್ ನಿಲ್ದಾಣದ ಎದುರು, ಬಿಸಿಲು ನೆತ್ತಿಗೆ ಬಂದ ಹೊತ್ತಿಗೆ, ಗಾಡಿ ಕೆಮ್ಮಿ ಕೆಮ್ಮಿ ನಿಂತಿತು. ಹ್ಯಾಂಡಲ್ ತಿರುಗಿಸಿ ತಿರುಗಿಸಿ ನನ್ನ ರಟ್ಟೆ ಬಿತ್ತು. ಬಸ್ಸಿಗೆ ಕಾಯುತ್ತಿದ್ದವರು ಹತ್ತಿರ ಬಂದು ಸುತ್ತ ನಿಂತರು. ಒಬ್ಬ ಮುದುಕ ಬಹಳ ಮರ್ಯಾದೆಯಿಂದ, "ಸಾವ್ಕಾರ್ರ, ಎತ್ತು ತರಿಸ್ಲೇನ್ರಿ?" ಎಂದು ಕೇಳಿದ. ಎಲ್ಲರೂ ನಕ್ಕರು. ನನ್ನ ಮೈ ಉರಿಯಿತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ, "ಪೆಟ್ರೋಲ್‌ದಾಗ ಕಸ ಬಂದದ" ಎಂದು ಸುಳ್ಳು ಹೇಳಿದೆ.

ಒಂದು ತಾಸು ಬಿಟ್ಟು, ತಣ್ಣಗಾದ ಮೇಲೆ ಮತ್ತೆ ಚಾಲೂ ಆಯಿತು. ಅರ್ಧ ದಾರಿಗೆ ಬಂದು ಮತ್ತೆ ನಿಂತಿತು. ಆ ದಿನ ಮೂರು ಸಲ ನಿಂತಿತು. ಮರುದಿನ ಪೆಟ್ರೋಲ್ ಸೋಸಿದೆ, ಪ್ಲಗ್ಗು ಬದಲಿಸಿದೆ, ವೈರು ಬದಲಿಸಿದೆ. ಬೆಳಗಿನ ತಂಪಿನಲ್ಲಿ ಕುದುರೆಯಂತೆ ಓಡುವುದು, ಅರ್ಧ ತಾಸಿಗೆ ಮಲಗುವುದು. ಸೊಲ್ಲಾಪುರದವನಿಗೆ ಫೋನ್ ಮಾಡಿದರೆ, "ನಿಮ್ಮ ಮುಂದ ಕಿಡಿ ತೋರ್ಸೇನಲ್ರಿ" ಅಂದ. ಅದೂ ಖರೆಯೇ. ಫೋನಿಟ್ಟು ಸ್ಪ್ಯಾನರ್ ಎತ್ತಿ ಗೋಡೆಗೆ ಒಗೆದೆ. ಅಕ್ಕ ಗಾಡಿಯ ಸ್ಟೇರಿಂಗ್ ಮುಂದೆ ಸೆರಗು ಸಿಕ್ಕಿಸಿಕೊಂಡು ಕೂತಿದ್ದಳು. ಇಳಿದು ಒಳಗೆ ಹೋದಳು. ನನ್ನ ಎಂಟು ದಿನದ ಮಾತು ಅಷ್ಟರಲ್ಲಿ ಇಪ್ಪತ್ತು ದಿನವಾಗಿತ್ತು.

ಆ ವಾರ ಹವಳಗಾದ ಕಬ್ಬಿನ ಟ್ರ್ಯಾಕ್ಟರ್ ಡ್ರೈವರ್ ಮಲ್ಕಪ್ಪ ಫ್ಯಾನ್ ಬೆಲ್ಟ್ ಒಯ್ಯಲು ಅಂಗಡಿಗೆ ಬಂದ. ನನ್ನ ಮುಖ ನೋಡಿ ಕಾರಣ ಕೇಳಿದ. ಹೇಳಿದೆ.

"ಜೇವರ್ಗಿಗೆ ಹೋಗ್ರಿ" ಅಂದ. "ಅಲ್ಲಿ ಖುರ್ಷಿದಾ ಖಾಲಾ ಅಂತ ಅದಾರ. ಮೊದಲ ಹೊಳಿ ದಂಡಿ ನೀರೆತ್ತೋ ಇಂಜಿನ್, ಕಬ್ಬಿನ ಗಾಣದ ಇಂಜಿನ್, ಎಲ್ಲಾದ್ರ ಮ್ಯಾಗ್ನೆಟೊ ಅವ್ರ ಮನಿಗೇ ಹೋಗ್ತಿದ್ವು. ನಮ್ಮಪ್ಪ ತಲಿಮ್ಯಾಲ ಹೊತ್ಕೊಂಡು ಒಯ್ತಿದ್ದ."

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗಾಯಿತು. ಜೇವರ್ಗಿ ಅಂದ ಕೂಡಲೇ ನಾನು ಮೂಗು ಮುರಿದೆ. ಸೊಲ್ಲಾಪುರದಲ್ಲಿ ಸಿಗದ್ದು ಜೇವರ್ಗಿಯಲ್ಲಿ ಸಿಕ್ಕೀತೇ? ಆದರೂ ಬೇರೆ ದಾರಿ ಇರಲಿಲ್ಲ. ಅಪ್ಪನ ಸತ್ತ ಮ್ಯಾಗ್ನೆಟೊ, ಸೊಲ್ಲಾಪುರದ ಮಿಂಚುವ ಮ್ಯಾಗ್ನೆಟೊ, ಎರಡನ್ನೂ ಚೀಲಕ್ಕೆ ಹಾಕಿಕೊಂಡು ಹೊರಟೆ. ಅಕ್ಕ ತಾನೂ ಬರುತ್ತೇನೆಂದು ಚಪ್ಪಲಿ ಮೆಟ್ಟಿ ನಿಂತಿದ್ದಳು.

ಕೇಳುತ್ತ ಕೇಳುತ್ತ ಮನೆ ಹುಡುಕಿದೆವು. ಮಣ್ಣಿನ ಮಾಳಿಗೆಯ ಸಣ್ಣ ಮನೆ. ಪಡಸಾಲೆಯಲ್ಲಿ ಅಕ್ಕನ ವಯಸ್ಸಿನವರೇ ಒಬ್ಬ ತೆಳ್ಳನೆಯ ಹೆಂಗಸು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ಒಳಗೆ ಹೋಗುವಾಗ ಅಕ್ಕನ ಭುಜ ಎಡಗಡೆಯ ಬಾಗಿಲ ಚೌಕಟ್ಟಿಗೆ ಬಡಿಯಿತು, ಕಾಲಿಗೆ ತಾಗಿ ಅಲ್ಲಿದ್ದ ನೀರಿನ ತಂಬಿಗೆ ಉರುಳಿತು. "ಇರ್ಲಿ ಇರ್ಲಿ, ನೀರಲ್ಲ" ಅಂದರು ಆ ಹೆಂಗಸು. ಎದ್ದು ಬಂದು ಅಕ್ಕನ ಎಡಗಡೆ ನಿಂತು ಕೈಹಿಡಿದು ಚಾಪೆಗೆ ಕರೆದುಕೊಂಡು ಹೋದರು. ನಾನು ನನ್ನ ಅವಸರದಲ್ಲೇ ಇದ್ದೆ.

"ಮಿಸ್ತ್ರಿ ಎಲ್ಲದಾರ್ರಿ? ಮ್ಯಾಗ್ನೆಟೊ ರಿಪೇರಿ ಮಾಡೋರು?" ಅಂದೆ.

"ಅವ್ರು ಹೋಗಿ ಒಂಬತ್ತು ವರ್ಷ ಆತ್ರಿ" ಅಂದರು.

"ಅಯ್ಯೋ. ಹಂಗಾದ್ರ ಈಗ ಯಾರು ಮಾಡ್ತಾರ್ರಿ?"

ಅವರು ಬೇಳೆಯಲ್ಲಿದ್ದ ಒಂದು ಹರಳು ಆರಿಸಿ ಹೊರಗೆ ಎಸೆದರು. "ಆವಾಗೂ ನಾನೇ, ಈವಾಗೂ ನಾನೇ. ಚೀಲ ಬಿಚ್ರಿ."

ನನ್ನ ಮುಖ ಹುಳ್ಳಗಾಯಿತು. ಮಲ್ಕಪ್ಪ ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಹೇಳಿದ್ದ. ನಾನೇ ದಾರಿಯುದ್ದಕ್ಕೂ ಒಬ್ಬ ಗಡ್ಡದ ಮಿಸ್ತ್ರಿಯನ್ನು ಮನಸ್ಸಿನಲ್ಲಿ ಕೂರಿಸಿಕೊಂಡು ಬಂದಿದ್ದೆ. ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಚೀಲ ಬಿಚ್ಚುತ್ತ ಸೊಲ್ಲಾಪುರದ ಕತೆಯನ್ನೆಲ್ಲ ಹೇಳಿದೆ. ಖಾಲಾ ಮೊದಲು ಅಪ್ಪನ ಮ್ಯಾಗ್ನೆಟೊವನ್ನು ತೊಡೆಯ ಮೇಲೆ ಇಟ್ಟುಕೊಂಡರು. ಅದರ ತಗಡಿನ ಮೇಲೆ ಒಂದು ಸಣ್ಣ ಬಾಣದ ಗುರುತಿತ್ತು. ಯಾವ ಕಡೆಗೆ ತಿರುಗಬೇಕು ಎಂದು ತೋರಿಸುವ ಬಾಣ. "ಸೊಲ್ಲಾಪುರದಾಗ ಬಾಣ ನೋಡಿ ತಗೊಂಡ್ರೇನ್ರಿ?" ಎಂದು ಕೇಳಿದರು. ಬಾಣ ಇರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಉಲ್ಟಾ ತಿರುಗುವುದು ಬಂದಿದ್ದರೆ ಪೇಢೆ ಹಂಚುವ ಯೋಗವೂ ಇರುತ್ತಿರಲಿಲ್ಲ.

ಅವರು ಒಳಗಿನಿಂದ ಒಂದು ಕಬ್ಬಿಣದ ಟ್ರಂಕು ಎಳೆದು ತಂದರು. ಹಳೆಯ ಸೀರೆಯ ತುಂಡುಗಳಲ್ಲಿ ಸುತ್ತಿದ ಆರು ಮ್ಯಾಗ್ನೆಟೊ, ಹಸಿಬಾಣಂತಿಯ ಕೂಸು ಸುತ್ತಿಟ್ಟಂತೆ. ಅಪ್ಪನದರ ಜೊತೆ ಬಾಣ ನೋಡಿದರು, ಬುಡದ ಎತ್ತರವನ್ನು ಬೆರಳಿಟ್ಟು ಅಳೆದರು. ಮೂರು ಹೊಂದುವುದಿಲ್ಲ ಎಂದು ಬದಿಗಿಟ್ಟರು. ಉಳಿದ ಮೂರು, ಜೊತೆಗೆ ನನ್ನ ಸೊಲ್ಲಾಪುರದ್ದು, ಒಟ್ಟು ನಾಲ್ಕನ್ನು ಸಾಲಾಗಿ ಇಟ್ಟು ಒಂದೊಂದಾಗಿ ತಿರುಗಿಸಿದರು. ನಾಲ್ಕರಲ್ಲೂ ಕಿಡಿ ಬಂತು. ಎಲ್ಲಕ್ಕಿಂತ ದಪ್ಪ ಕಿಡಿ ನನ್ನದರದ್ದೇ. ಎಲ್ಲಕ್ಕಿಂತ ಸಣ್ಣ ಕಿಡಿ, ಬಣ್ಣ ಹೋಗಿ, ಮೂಲೆ ಒಡೆದು, ನೋಡಲು ಸುಟ್ಟ ಬದನೆಕಾಯಿಯಂತಿದ್ದ ಒಂದರದ್ದು.

"ನೋಡಿದ್ರೇನ್ರಿ?" ಎಂದು ನಾನು ಎದೆ ಉಬ್ಬಿಸಿದೆ. "ಮಾಲಿಂದೇನೂ ತಪ್ಪಿಲ್ಲ. ಬ್ಯಾರೆ ಎಲ್ಲೋ ಲಫಡಾ ಅದ."

ಖಾಲಾ ನಕ್ಕರು. "ತಂಪಿನಾಗ ಎಲ್ಲಾರೂ ಶಾಣ್ಯಾರೇ ತಮ್ಮಾ" ಅಂದರು.

ಆಮೇಲೆ ಅವರು ಮಾಡಿದ್ದನ್ನು ನೋಡಿ, ಇವರಿಗೆ ತಲೆ ಸರಿ ಇದೆಯೋ ಇಲ್ಲವೋ ಎಂದು ನನಗೆ ಅನುಮಾನ ಬಂತು. ನಾಲ್ಕನ್ನೂ ಒಂದು ರೊಟ್ಟಿಯ ಹೆಂಚಿನ ಮೇಲಿಟ್ಟು, ನನ್ನ ಕೈಯಲ್ಲಿ ಹೊರಿಸಿ, ಮಾಳಿಗೆಗೆ ಹತ್ತಿಸಿದರು. ಅಕ್ಕನನ್ನು ತಾವೇ ಎಡಗೈ ಹಿಡಿದು ಹತ್ತಿಸಿದರು. ಮಾಳಿಗೆಯ ತುಂಬ ಕೆಂಪು ಮೆಣಸಿನಕಾಯಿ ಹರಡಿತ್ತು, ಒಂದು ಕಡೆ ಸೀರೆಯ ಮೇಲೆ ಸಂಡಿಗೆ ಇಟ್ಟಿದ್ದರು. ನಡುವೆ ಜಾಗ ಮಾಡಿ ಹೆಂಚು ಇಡಿಸಿದರು. ಜೇವರ್ಗಿಯ ಬೇಸಿಗೆ, ಮಟಮಟ ಮಧ್ಯಾಹ್ನ. ಕಾಲಿಟ್ಟರೆ ಅಂಗಾಲು ಬೇಯುತ್ತಿತ್ತು.

"ಎರಡ್ ತಾಸು ಇರ್ಲಿ. ಕೆಳಗ ನಡೀರಿ, ಊಟ ಮಾಡೂಣು."

"ಖಾಲಾ, ನಮಗ ಮೂರಕ್ಕ ಬಸ್ ಅದರಿ" ಅಂದೆ.

"ಬಸ್ ನಾಕಕ್ಕೂ ಅದ, ಐದಕ್ಕೂ ಅದ" ಅಂದರು. ಅಕ್ಕ, "ನೀ ಹೋಗು, ಊಟಾ ಮಾಡು. ನಾ ಇವ್ರ ಜೋಡಿ ಮೆಣಸಿನಕಾಯಿ ತಿರುವಿ ಬರ್ತೇನಿ" ಅಂದಳು. ಇಬ್ಬರೂ ಮಾಳಿಗೆಯಲ್ಲೇ ಉಳಿದರು. ನಾನು ಕೆಳಗೆ ಬಂದು ಖಾಲಾ ಮಾಡಿ ಮುಚ್ಚಿಟ್ಟಿದ್ದ ಜೋಳದ ರೊಟ್ಟಿ, ಪುಂಡಿಪಲ್ಯ ಹೊಡೆದು, ಗೋಡೆಗೆ ಒರಗಿ ತೂಕಡಿಸಿದೆ. ಮೇಲಿನಿಂದ ಇಬ್ಬರ ಮಾತು ಗುಸುಗುಸು ಕೇಳುತ್ತಲೇ ಇತ್ತು, ನಡುವೆ ಅಕ್ಕ ಅತ್ತಂತೆಯೂ ಅನಿಸಿತು. ಹೆಂಗಸರ ಮಾತು ನನಗ್ಯಾಕೆ ಎಂದು ಮಗ್ಗಲು ಬದಲಿಸಿದೆ.

ಕೆಳಗೆ ಬಂದ ಮೇಲೆ ಖಾಲಾ ತಮ್ಮ ಕತೆ ಹೇಳಿದರು. ಗಂಡನ ಬೆರಳು ದಪ್ಪ, ಸುರುಳಿಯ ತಂತಿ ಕೂದಲಿಗಿಂತ ತೆಳು. ಕೌದಿ ಹೊಲಿಯುತ್ತಿದ್ದ ಇವರ ಕೈಗೆ ಅದು ಬಂತು. ಸಾವಿರಗಟ್ಟಲೆ ಸುತ್ತು ಸುತ್ತಬೇಕು, ಲೆಕ್ಕ ತಪ್ಪಬಾರದು. ನೂರು ಸುತ್ತಿಗೆ ಒಂದು ಹುಣಸೆ ಬೀಜ ಬಟ್ಟಲಿಗೆ ಹಾಕುತ್ತಿದ್ದರಂತೆ. ಒಂದು ವರ್ಷ ಮಣ್ಣೂರಿನ ಹೊಳೆ ದಂಡೆಯಲ್ಲಿ ಒಂದು ಇಂಜಿನ್ ದಿನಾ ಮಧ್ಯಾಹ್ನಕ್ಕೆ ಸರಿಯಾಗಿ ನಿಲ್ಲುತ್ತಿತ್ತಂತೆ. ಗಂಡ ಮೂರು ಸಲ ಮನೆಗೆ ತಂದು ತಿರುಗಿಸಿ ನೋಡಿದರು, ಮೂರು ಸಲವೂ ಕಿಡಿ ಬಂತು. ಮರಳಿ ಒಯ್ದರೆ ಮತ್ತೆ ನಿಂತಿತು. ಹೊಲದವರು ಬೈದು ಕಳಿಸಿದರು. "ನಮ್ಮೋರು ಊಟ ಬಿಟ್ರು. ನಾ ಮೆಣಸಿನಕಾಯಿ ಒಣ ಹಾಕಾಕ ಮಾಳಿಗಿಗೆ ಹೋಗಿದ್ದೆ. ಅಂಗಾಲು ಸುಟ್ತು. ಆವಾಗ ಹೊಳೀತು ನೋಡ್ರಿ. ನಾವ್ ನೆಳ್ಳಾಗ ಕುಂತು ನೋಡ್ತೀವಿ, ಅದು ಬಿಸಿಲಾಗ ದುಡೀತದ. ಹಳೇ ಸುರುಳಿ ಕಾದ್ರ ಒಳಗ ಸೋರ್ತದ, ಕಿಡಿ ಸಾಯ್ತದ. ಆವತ್ತಿಂದ ಬಿಸಿಲಿಗಿಡದೆ ಒಂದೂ ಕೊಟ್ಟಿಲ್ಲ."

ಎರಡು ತಾಸಿನ ಮೇಲೆ ಬಟ್ಟೆ ಹಿಡಿದು ನಾಲ್ಕನ್ನೂ ಇಳಿಸಿದೆವು. ಮೊದಲು ಸೊಲ್ಲಾಪುರದ್ದು. ತಿರುಗಿಸಿದರು. ಏನೂ ಇಲ್ಲ. ಮತ್ತೆ ತಿರುಗಿಸಿದರು. ಮಿಂಚುವ ಹಿತ್ತಾಳೆ, ಮಿಂಚುವ ಬಣ್ಣ, ಕಿಡಿ ಮಾತ್ರ ಇಲ್ಲ. ಎರಡನೆಯದು ಸಣ್ಣಗೆ ಒಮ್ಮೆ ಮಿಣುಕಿ ಆರಿತು. ಮೂರನೆಯದು ಒಮ್ಮೆ ಕೊಟ್ಟರೆ ಒಮ್ಮೆ ಕೊಡದು. ಕೊನೆಗೆ ಸುಟ್ಟ ಬದನೆಕಾಯಿ. ಮೊದಲು ಎಷ್ಟು ಕೊಟ್ಟಿತ್ತೋ ಅಷ್ಟೇ, ಚಟ್ ಚಟ್ ಚಟ್, ತಪ್ಪದೆ. ಖಾಲಾ ತಮ್ಮ ಬೆರಳಿನ ಗೆಣ್ಣನ್ನು ತಂತಿಗೆ ಹಿಡಿದು, ಕಿಡಿ ಕಚ್ಚಿಸಿಕೊಂಡು, ಕೂಸು ಬೆರಳು ಕಚ್ಚಿದರೆ ನಗುವಂತೆ ನಕ್ಕರು. "ನೀವೂ ನೋಡ್ರಿ" ಅಂದರು. ಗಂಡಸ್ತನಕ್ಕೆ ಬೆರಳು ಕೊಟ್ಟೆ. ಮೊಣಕೈತನಕ ಝುಮ್ಮೆಂದು, ಕೂತಲ್ಲಿಂದ ಹಾರಿ ತೊಗರಿಬೇಳೆಯ ಮೊರದ ಮೇಲೆ ಬಿದ್ದೆ. ಆರಿಸಿಟ್ಟ ಬೇಳೆಯೆಲ್ಲ ಚೆಲ್ಲಾಪಿಲ್ಲಿ. ಅಕ್ಕ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು.

ಮೂವತ್ತು ವರ್ಷದ ನನ್ನ ಶಾಣ್ಯತನ ಆ ಪಡಸಾಲೆಯಲ್ಲಿ ಇಳಿಯಿತು. ಕರೆಂಟಿನ ಯಂತ್ರವಿಲ್ಲ, ಮೀಟರಿಲ್ಲ, ಪುಸ್ತಕವಿಲ್ಲ. ಒಂದು ಹೆಂಚು, ಒಂದು ಮಾಳಿಗೆ, ನಮ್ಮೂರ ಬಿಸಿಲು. ನಾವು ದಿನಾ ಬೈಯುವ ಅದೇ ಬಿಸಿಲನ್ನು ಆ ತಾಯಿ ತನ್ನ ಪರೀಕ್ಷೆಯ ಸಾಧನ ಮಾಡಿಕೊಂಡಿದ್ದಳು.

"ಇದರ ಸುರುಳಿ ನಾನೇ ಸುತ್ತಿದ್ದು" ಎಂದು ಖಾಲಾ ಆ ಬದನೆಕಾಯಿಯನ್ನು ಸೆರಗಿನಿಂದ ಒರೆಸಿದರು. ಅಕ್ಕ ಮೆಲ್ಲಗೆ, "ಇದು ಟಕ್ ಅಂತದೇನ್ರಿ?" ಎಂದು ಕೇಳಿದಳು. ಅನ್ನುತ್ತಿರಲಿಲ್ಲ. ಅದರಲ್ಲಿ ಆ ಸ್ಪ್ರಿಂಗಿನ ಬಿಲ್ಲೆ ಇರಲಿಲ್ಲ. ಖಾಲಾ ಕೂಡಲೇ ಅಪ್ಪನ ಮ್ಯಾಗ್ನೆಟೊ ಬಿಚ್ಚಿ, ಬಿಲ್ಲೆ ತೆಗೆದು, ಸೀಮೆಎಣ್ಣೆಯಲ್ಲಿ ತೊಳೆದು, ಇದಕ್ಕೆ ಕೂರಿಸಿದರು. ಒಮ್ಮೆ ತಿರುಗಿಸಿದರು. ಟಕ್ ಅಂದಿತು. ಅಕ್ಕ ಕಣ್ಣು ಮುಚ್ಚಿಕೊಂಡಳು.

ನಾನು ಚೀಲಕ್ಕೆ ಹಾಕಿಕೊಳ್ಳಲು ಕೈ ಚಾಚಿದರೆ ಖಾಲಾ ತಡೆದರು. "ಹಂಗ ಕೊಡಂಗಿಲ್ಲ ತಮ್ಮಾ. ನಂದೊಂದು ನೇಮ ಅದ. ನಾನೇ ಬಂದು ಕೂಡ್ರಿಸ್ತೀನಿ. ಗಾಡಿ ಕಾದು, ಓಡಿ, ಮುಟ್ಟೋ ತನಕ ನಾ ಒಳಗ ಕುಂತಿರ್ತೀನಿ. ಹಂಗ ನೋಡಿದ ಮ್ಯಾಲೇ ಮಾಲು ನಿಮ್ದು."

ಈ ವಯಸ್ಸಿನಲ್ಲಿ ಆಳಂದದವರೆಗೆ ಬರುವುದೇ? ಎಂಥಾ ನೇಮ ಎಂದು ನನಗೆ ಆಶ್ಚರ್ಯವಾಯಿತು. ಕೆಲಸದ ಮೇಲೆ ಇಷ್ಟು ನಿಷ್ಠೆ ಇರುವವರನ್ನು ನಾನು ನೋಡಿಯೇ ಇರಲಿಲ್ಲ. ಕೈಮುಗಿದೆ.

ಮುಂದಿನ ವಾರ, ಹೇಳಿದ ದಿನ ಹೇಳಿದ ಬಸ್ಸಿಗೆ ಖಾಲಾ ಬುರ್ಖಾದೊಳಗೆ ಮ್ಯಾಗ್ನೆಟೊವನ್ನು ಅಪ್ಪಿಕೊಂಡು ಇಳಿದರು. ಮ್ಯಾಗ್ನೆಟೊ ಕೂರಿಸಿ, ನನ್ನ ಕಡೆಯಿಂದ ಒಂದು ತೆಳ್ಳನೆಯ ಕಾಗದ ಕೇಳಿದರು. ಬೀಡಿ ಕಟ್ಟಿನ ಕಾಗದ ಕೊಟ್ಟೆ. ಕಿಡಿ ಹುಟ್ಟುವ ಎರಡು ತುದಿಗಳ ನಡುವೆ ಅದನ್ನು ಸಿಕ್ಕಿಸಿ, "ಹ್ಯಾಂಡಲ್ ತಿರುವ್ರಿ, ಸಾವಕಾಶ" ಅಂದರು. ಬಿಗಿಯಾಗಿ ಸಿಕ್ಕಿದ್ದ ಕಾಗದ ಒಂದು ಕಡೆ ಬಂದಾಗ ಸಡಿಲವಾಗಿ ಜಾರಿತು. "ನಿಲ್ರಿ. ಇದೇ ಕಿಡಿ ಹಾರೋ ಘಳಿಗಿ" ಎಂದು ಅಲ್ಲಿಗೇ ನಟ್ಟು ಬಿಗಿದರು. ಮೊದಲ ಸಲಕ್ಕೇ ಟಕ್ ಎಂದು ಗಾಡಿ ಎದ್ದಿತು.

ಮರುದಿನ ಬೆಳಿಗ್ಗೆ ಮೂವರೂ ಮಣ್ಣೂರಿಗೆ ಹೊರಟೆವು. ದೊಡ್ಡ ರಸ್ತೆಯಲ್ಲಿ, ಅಫಜಲಪುರ ದಾಟುವವರೆಗೆ, ನಾನು ಹೊಡೆದೆ. ಅರ್ಧ ತಾಸಾಯಿತು, ಒಂದು ತಾಸಾಯಿತು, ಗಾಡಿ ನಿಲ್ಲಲಿಲ್ಲ. ಹಾದಿ ಸಣ್ಣದಾದ ಮೇಲೆ ಇಳಿದು ಸ್ಟೇರಿಂಗ್ ಅಕ್ಕನಿಗೆ ಬಿಟ್ಟೆ. ಕಬ್ಬಿನ ಹಂಗಾಮು ಮುಗಿದಿತ್ತು, ಟ್ರ್ಯಾಕ್ಟರ್ ಇಲ್ಲ, ಹಾದಿ ಖಾಲಿ. ನಾನು ಅಪ್ಪನ ಜಾಗದಲ್ಲಿ, ಅಕ್ಕನ ಬಾಜೂಕ ಕೂರಲು ಹೋದೆ. ಖಾಲಾ ಬಿಡಲಿಲ್ಲ. "ಇಂಜಿನ್ ಸಪ್ಪಳ ಮುಂದ ಕುಂತ್ರೇ ಕೇಳ್ತದ. ನೀವ್ ಹಿಂದ ಹೋಗ್ರಿ." ಇಬ್ಬರು ಮುದುಕಿಯರು ಮುಂದೆ, ಹ್ಯಾಂಡಲ್ ತೊಡೆಯ ಮೇಲಿಟ್ಟುಕೊಂಡು ನಾನು ಹಿಂದೆ.

ಅಕ್ಕ ಎತ್ತಿನ ಬಂಡಿಯ ವೇಗದಲ್ಲಿ, ಆದರೆ ಗೆರೆ ಎಳೆದಂತೆ ಹೊಡೆದಳು. ಬೆನ್ನು ನೆಟ್ಟಗೆ, ಕತ್ತು ಎತ್ತರ. ಹದಿನೆಂಟರ ಹುಡುಗಿ ಹೀಗೇ ಕೂತಿದ್ದಳೇನೋ ಎಂದು ನನಗೆ ಕಣ್ಣಲ್ಲಿ ನೀರು ಬಂತು. ಖಾಲಾ ಮಾತ್ರ ಅಕ್ಕನ ಎಡ ಭುಜದ ಮೇಲೆ ಇಟ್ಟ ಕೈ ತೆಗೆಯಲೇ ಇಲ್ಲ. ಅವರಿಗೆ ಹೆದರಿಕೆ ಎಂದುಕೊಂಡು, "ಖಾಲಾ, ಅಂಜಬ್ಯಾಡ್ರಿ, ನಮ್ಮಕ್ಕ ಪಕ್ಕಾ ಡ್ರೈವರ್ ಅದಾಳ" ಎಂದು ತಮಾಷೆ ಮಾಡಿದೆ. ಅವರು "ಹೌದ್ರಿ ತಮ್ಮಾ" ಅಂದರು. ಸ್ವಲ್ಪ ಮುಂದೆ ಎಡಗಡೆಯ ಜಾಲಿಕಂಟಿಯಿಂದ ಒಂದು ಎಮ್ಮೆ ಹಾದಿಗೆ ನುಗ್ಗಿತು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಬ್ರೇಕ್ ಒತ್ತಿದ್ದಳು. "ನೋಡು, ನಿನ್ನ ಕಣ್ಣಿಗೇನಾಗ್ಯಾದ? ನನಗಿಂತ ಚಲೋ ಕಾಣ್ತದ" ಅಂದೆ. ಇಬ್ಬರೂ ಮುಂದೆ ನೋಡಿ ನಕ್ಕರು.

ಹೊಳೆ ಬಂತು. ಎರಡೂವರೆ ತಾಸು, ಆ ಬಿಸಿಲಲ್ಲಿ, ಒಮ್ಮೆಯೂ ಕೆಮ್ಮದೆ. ಅಕ್ಕ ಇಂಜಿನ್ ಬಂದ್ ಮಾಡಿ ಸ್ಟೇರಿಂಗ್ ಮೇಲೆ ತಲೆ ಇಟ್ಟಳು. ಖಾಲಾ ಅವಳ ಬೆನ್ನು ಸವರಿ, "ಚಲೋ ಹೊಡ್ದ್ರಿ" ಅಂದರು. ಅಕ್ಕ ಚಿಕ್ಕ ಮಗುವಿನಂತೆ ಅತ್ತಳು. ನನಗೂ ತಡೆಯಲಾಗಲಿಲ್ಲ. ನೀರು ತರುವ ನೆಪ ಮಾಡಿ ಹೊಳೆಗೆ ಇಳಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಮಲ್ಕಪ್ಪ ಮತ್ತೆ ಅಂಗಡಿಗೆ ಬಂದ. ಖಾಲಾನನ್ನು ಬಾಯಿ ತುಂಬ ಹೊಗಳಿ, ಗಾಡಿ ಕಾದು ಮುಟ್ಟುವವರೆಗೂ ಒಳಗೆ ಕೂರುವ ಅವರ ನೇಮದ ಮಾತು ಹೇಳಿದೆ. ಅವನು ಹುಬ್ಬು ಗಂಟಿಕ್ಕಿದ.

"ಯಾ ನೇಮರಿ? ಖಾಲಾ ಯಾರ ಗಾಡಿನೂ ಹತ್ತಿಲ್ಲ. ಕಿಡಿ ತೋರ್ಸಿ ಕೈಗೆ ಕೊಟ್ಟು ಕಳಸ್ತಾರ. ಗಂಡ ಹೋದ ಮ್ಯಾಲೆ ಜೇವರ್ಗಿ ದಾಟಿ ಅವ್ರು ಎಲ್ಲೂ ಹೋಗಿಲ್ಲಲ್ರಿ."

ಅಂಗಡಿ ಹಾಗೇ ಬಿಟ್ಟು ಮನೆಗೆ ಹೋದೆ. ಅಕ್ಕ ಕಟ್ಟೆಯ ಮೇಲೆ ಕೂತಿದ್ದಳು. ಕೇಳಿದೆ. ಕೈ ಚಾಚಿ ನನ್ನನ್ನು ಬಾಜೂಕ ಕೂರಿಸಿಕೊಂಡಳು.

"ಎಡಗಡೆದ್ದು ನನಗ ಆವಾಗೇ ಕಾಣ್ತಿರ್ಲಿಲ್ಲ, ಸಿದ್ದು. ಡಾಕ್ಟರ್ ಹೇಳಿದ್ದು ನಿನಗ ಪೂರಾ ಹೇಳ್ಲಿಲ್ಲ ನಾ. ಬಾಗಿಲಕ್ಕ ಬಡಕೊಂಡಾಗ್ಲೇ ಆಕಿಗಿ ತಿಳೀತು. ಮಾಳಿಗಿ ಮ್ಯಾಲ ಕೇಳಿದ್ಲು, ಹೇಳ್ದೆ. ನಾ ಬಾಜೂಕ ಕುಂತ್ಕೋತೀನಿ ಅಂದ್ಲು. ಭುಜ ಒಮ್ಮೆ ಒತ್ತಿದ್ರ ಎಡಕ್ಕ ಏನೋ ಅದ ಅಂತ. ಎರಡು ಸಲ ಒತ್ತಿದ್ರ ಹಾದಿ ಖಾಲಿ ಅಂತ."

"ನನಗ ಯಾಕ ಹೇಳ್ಲಿಲ್ಲ?"

"ಹೇಳಿದ್ರ ಗಾಡಿ ಕೊಡ್ತಿದ್ದೇನು?"

ಕೊಡುತ್ತಿರಲಿಲ್ಲ. ಕೊಡದಿರುವುದೇ ಸರಿ ಎಂದು ಈಗಲೂ ನನ್ನ ಅರ್ಧ ಮನಸ್ಸು ಹೇಳುತ್ತದೆ. ಆದರೆ ಹೊಳೆ ದಂಡೆಯಲ್ಲಿ ಅಕ್ಕನ ಮುಖ ನೆನಪಾದರೆ ಇನ್ನರ್ಧ ಬಾಯಿ ಮುಚ್ಚಿಸುತ್ತದೆ. ನಾನು ಇಪ್ಪತ್ತು ದಿನ ಮ್ಯಾಗ್ನೆಟೊದ ಬೆನ್ನು ಹತ್ತಿ, ಜೊತೆ ಬಂದ ಅಕ್ಕ ಬಾಗಿಲಿಗೆ ಬಡಿದುಕೊಂಡದ್ದನ್ನು ನೋಡಿಯೂ ನೋಡಲಿಲ್ಲ. ಮುಖ ಪರಿಚಯವಿಲ್ಲದ ಆ ತಾಯಿ ಒಂದು ತಂಬಿಗೆ ಉರುಳಿದ್ದರಲ್ಲೇ ಎಲ್ಲ ತಿಳಿದಳು. ನನ್ನ ಸೊಕ್ಕಿಗೂ ಪೆಟ್ಟಾಗದಂತೆ, ಅಕ್ಕನ ಗುಟ್ಟೂ ಒಡೆಯದಂತೆ, ಇಲ್ಲದ ನೇಮವೊಂದನ್ನು ಹುಟ್ಟಿಸಿ ಒಂಬತ್ತು ವರ್ಷ ದಾಟದ ಊರು ದಾಟಿ ಬಂದಳು. ಅಷ್ಟು ದೊಡ್ಡ ಮನುಷ್ಯರನ್ನು ನಾನು ಮತ್ತೆ ನೋಡಿಲ್ಲ. ರಂಜಾನ್ ಹಬ್ಬಕ್ಕೆ ಜೇವರ್ಗಿಗೆ ಹೋಗಿ ಕಾಲಿಗೆ ಬಿದ್ದರೆ, "ಏಳ್ರಿ, ಬ್ಯಾಳಿ ಮೊರ ಬಾಜೂಕೇ ಅದ" ಎಂದು ನಗಿಸಿ ಕಳಿಸಿದಳು.

ಈಗ ಅಕ್ಕನಿಗೆ ಮುಂದಿನದೂ ಮಸುಕು. ರಸ್ತೆಯ ಮಾತೇ ಇಲ್ಲ. ಆದರೆ ತೊಗರಿ ಕಟಾವಾದ ಮೇಲೆ ಊರ ಹೊರಗಿನ ನಮ್ಮ ಹೊಲ ಖಾಲಿ ಬಿದ್ದಿರುತ್ತದೆ, ಅಡ್ಡ ಒಂದು ಕಲ್ಲೂ ಇಲ್ಲ. ಭಾನುವಾರ ಗಾಡಿಯನ್ನು ಅಲ್ಲಿಗೆ ಒಯ್ಯುತ್ತೇನೆ. ಹ್ಯಾಂಡಲ್ ತಿರುಗಿಸುತ್ತೇನೆ, ಟಕ್ ಅನ್ನುತ್ತದೆ. ಓಡಿ ಬಂದು ಅವಳ ಎಡಗಡೆ ಕೂತು, ಭುಜದ ಮೇಲೆ ಕೈ ಇಟ್ಟು, ಎರಡು ಸಲ ಒತ್ತುತ್ತೇನೆ.